ಶ್ರೀಮಂತನೊಬ್ಬ ಸ್ವತಂತ್ರನಾಗಿ ನಿಂತು ರಾಷ್ಟ್ರಪತಿಯಾಗಬಲ್ಲನೆ?

(ಸಾನಪಾಡಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವವರು ಪತ್ರಿಕೆಯನ್ನು ಓದಿ ಸುಮ್ಮನೆ ಮಡಿಸಿಟ್ಟು ಹೋಗುವ ಪೈಕಿಯವರಲ್ಲ. ಓದಿದುದರ ಮೇಲೆ ನಾಲ್ಕು ಮಾತು ಆಡಿಯೇ ಮೇಲೇಳುವವರು. ಹಾಗೆ ಆಡುವ ಮಾತುಗಳಲ್ಲಿ ಒಂದು ಮಾತ್ರ ಮತ್ತೆ ಮತ್ತೆ ನಮ್ಮ ಕಿವಿಗೆ ಬೀಳುತ್ತದೆ. "ಈ ಪಕ್ಷಗಳ ಸಹವಾಸವೇ ಸಾಕು. ಕೈತುಂಬ ಹಣವಿರುವ ದೊಡ್ಡ ಮನುಷ್ಯನೊಬ್ಬ ಯಾರ ಹಂಗೂ ಇಲ್ಲದೆ ಸ್ವತಂತ್ರನಾಗಿ ನಿಂತು ರಾಷ್ಟ್ರಪತಿಯಾಗಲಿ. ತನ್ನದೇ ಬೇಕಾದಷ್ಟಿರುವಾಗ ಅವನು ಇನ್ನೊಬ್ಬರದಕ್ಕೆ ಏಕೆ ಕೈ ಚಾಚುತ್ತಾನೆ?" ಎಂಬುದೇ ಆ ಮಾತು. ಮಾತು ಕೇಳುವುದಕ್ಕೆ ಹಿತವಾಗಿದೆ. ಆದರೆ ಹಿತವಾದ ಮಾತನ್ನು ಒಮ್ಮೆ ಲೆಕ್ಕದ ಪುಸ್ತಕದಲ್ಲಿ ಬರೆದು ಕೂಡಿ ಕಳೆದು ನೋಡುವುದು ನಮ್ಮಂಥ ಗುಮಾಸ್ತರ ಅಭ್ಯಾಸ. ಇಂದು ಅದನ್ನೇ ಮಾಡೋಣ.

ಮೊದಲು ಹೊರದೇಶದ ಕಡೆ ಒಂದು ನೋಟ. ಅಮೆರಿಕದಲ್ಲಿ ಈ ಆಸೆ ಬರಿಯ ಹರಟೆಯಾಗಿ ಉಳಿಯಲಿಲ್ಲ. ೧೯೯೨ರಲ್ಲಿ ರಾಸ್ ಪೆರೋ ಎಂಬ ಟೆಕ್ಸಾಸಿನ ಕೋಟ್ಯಧೀಶರು ತಮ್ಮ ಸ್ವಂತ ಹಣ ಸುರಿದು ಸ್ವತಂತ್ರರಾಗಿ ಅಧ್ಯಕ್ಷ ಪದವಿಗೆ ನಿಂತರು. ನೂರಕ್ಕೆ ಸುಮಾರು ಹತ್ತೊಂಬತ್ತರಂತೆ, ಒಂದು ಕೋಟಿ ತೊಂಬತ್ತೇಳು ಲಕ್ಷ ಮತಗಳು ಬಂದವು. ಆದರೆ ಅಲ್ಲಿ ಅಧ್ಯಕ್ಷರನ್ನು ಕೊನೆಗೆ ಆರಿಸುವವರು ರಾಜ್ಯಗಳ ಪ್ರತಿನಿಧಿಗಳಾದ ಚುನಾಯಕರು. ಆ ಚುನಾಯಕರಲ್ಲಿ ಪೆರೋ ಅವರಿಗೆ ಒಬ್ಬನೂ ದಕ್ಕಲಿಲ್ಲ. ಅನಂತರ ನ್ಯೂಯಾರ್ಕ್ ನಗರದ ಮೇಯರ್ ಆಗಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಅವರ ಸರದಿ. ಇವರು ೨೦೦೭ರಲ್ಲಿ ರಿಪಬ್ಲಿಕನ್ ಪಕ್ಷವನ್ನು ಬಿಟ್ಟಾಗ, ಸ್ವತಂತ್ರರಾಗಿ ನಿಲ್ಲುವರೆಂದು ಪತ್ರಿಕೆಗಳೆಲ್ಲ ಬರೆದವು. ೨೦೦೮ರ ಫೆಬ್ರವರಿಯಲ್ಲಿ ಇವರು ನಿಲ್ಲುವುದಿಲ್ಲವೆಂದರು. ೨೦೧೬ರಲ್ಲಿ ಮತ್ತೆ ಯೋಚಿಸಿ ಮತ್ತೆ ಬೇಡವೆಂದರು. ಮೂವರು ಹುರಿಯಾಳುಗಳಿದ್ದರೆ ಯಾರಿಗೂ ಬಹುಮತ ಬಾರದೆ ಆಯ್ಕೆ ಅಲ್ಲಿನ ಪ್ರತಿನಿಧಿ ಸಭೆಯ ಕೈಗೆ ಹೋದೀತೆಂಬುದು ಆಗ ಅವರು ಹೇಳಿದ ಕಾರಣ. ಕೊನೆಗೆ ೨೦೨೦ರಲ್ಲಿ ಡೆಮಾಕ್ರಟಿಕ್ ಪಕ್ಷದ ಮೂಲಕವೇ ಪ್ರಯತ್ನಿಸಿದರು. ಸುಮಾರು ನೂರು ಕೋಟಿ ಡಾಲರ್ ಸ್ವಂತ ಹಣ ಖರ್ಚಾಯಿತು. ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪಸಮೂಹದ ಸ್ಪರ್ಧೆಯೊಂದನ್ನು ಮಾತ್ರ. "ದುಡ್ಡೇ ದೊಡ್ಡಪ್ಪ" ಎಂಬ ನಮ್ಮ ಗಾದೆ ಎಲ್ಲ ಕಡೆಯೂ ನಡೆಯುವುದಿಲ್ಲವೆಂದು ಇದರಿಂದ ತಿಳಿಯುತ್ತದೆ.

ಈಗ ನಮ್ಮ ದೇಶದ ವಿಚಾರ. ನಮ್ಮ ಸಂವಿಧಾನದಲ್ಲಿ ರಾಷ್ಟ್ರಪತಿ ಪದವಿಗೆ ನಿಲ್ಲಲು ಪಕ್ಷ ಬೇಕೆಂದು ಎಲ್ಲಿಯೂ ಬರೆದಿಲ್ಲ, ಹಣ ಬೇಕೆಂದೂ ಬರೆದಿಲ್ಲ. ಭಾರತದ ಪ್ರಜೆಯಾಗಿರಬೇಕು, ಮೂವತ್ತೈದು ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಸರಕಾರದ ಲಾಭದ ಹುದ್ದೆಯಲ್ಲಿರಬಾರದು. ಇಷ್ಟೆ. ಮತ ಹಾಕುವವರು ಮಾತ್ರ ನಾವಲ್ಲ, ನಾವು ಆರಿಸಿ ಕಳುಹಿಸಿದ ಸಂಸತ್ ಸದಸ್ಯರು ಮತ್ತು ಶಾಸಕರು. ನಾಮಕರಣಗೊಂಡ ಸದಸ್ಯರಿಗೆ ಇದರಲ್ಲಿ ಮತವಿಲ್ಲ; ವಿಧಾನ ಪರಿಷತ್ತಿನವರಿಗೂ ಇಲ್ಲ. ಮತದಾನ ಗುಟ್ಟಿನದು.

ಮೊದಮೊದಲು ನಾಮಪತ್ರ ಸಲ್ಲಿಸುವುದು ಬಹಳ ಸುಲಭವಾಗಿತ್ತು. ಸೂಚಿಸುವವನೊಬ್ಬ, ಅನುಮೋದಿಸುವವನೊಬ್ಬ ಇದ್ದರೆ ಸಾಕಿತ್ತು. ೧೯೫೨ರಲ್ಲಿ ಬಾಬು ರಾಜೇಂದ್ರ ಪ್ರಸಾದರ ಎದುರು ಮುಂಬಯಿಯ ಅರ್ಥಶಾಸ್ತ್ರಜ್ಞ ಪ್ರೊಫೆಸರ್ ಕೆ. ಟಿ. ಶಾ ಅವರು ನಿಂತು ೯೨,೮೨೭ ಮತಮೌಲ್ಯ ಪಡೆದರು. ಅದೊಂದು ಗೌರವದ ಸ್ಪರ್ಧೆ. ೧೯೬೭ರ ವೇಳೆಗೆ ಮಾತ್ರ ಕಣದಲ್ಲಿದ್ದವರು ಹದಿನೇಳು ಮಂದಿ. ಅವರಲ್ಲಿ ಒಂಬತ್ತು ಮಂದಿಗೆ ಬಂದ ಮತ ಸೊನ್ನೆ. ಎಂದರೆ, ಹೆಸರು ಸೂಚಿಸಿದವನೂ ಅನುಮೋದಿಸಿದವನೂ ಕೂಡ ಆ ಅಭ್ಯರ್ಥಿಗೆ ಮೊದಲ ಮತ ಹಾಕಲಿಲ್ಲ! ಈ ಆಟ ನಿಲ್ಲಿಸಲೆಂದು ೧೯೭೪ರಲ್ಲಿ ಹತ್ತು ಮಂದಿ ಸೂಚಕರು, ಹತ್ತು ಮಂದಿ ಅನುಮೋದಕರು, ೨,೫೦೦ ರೂಪಾಯಿ ಠೇವಣಿ ಎಂದು ಕಾನೂನು ಬಿಗಿಯಾಯಿತು. ೧೯೯೭ರಲ್ಲಿ ಅದು ಐವತ್ತು, ಐವತ್ತು ಮತ್ತು ೧೫,೦೦೦ ರೂಪಾಯಿ ಆಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹದಿನೈದು ಸಾವಿರ ರೂಪಾಯಿ ಶ್ರೀಮಂತನಿಗೆ ಒಂದು ಊಟದ ಖರ್ಚು. ಆದರೆ ಆ ನೂರು ಸಹಿಗಳು ನೂರು ಮಂದಿ ಚುನಾಯಿತ ಸದಸ್ಯರವೇ ಆಗಬೇಕು. ಒಬ್ಬ ಸದಸ್ಯ ಇಬ್ಬರಿಗೆ ಸಹಿ ಮಾಡುವಂತಿಲ್ಲ. ಆ ಸದಸ್ಯರು ಎಲ್ಲಿಂದ ಬರುತ್ತಾರೆ? ಪಕ್ಷಗಳಿಂದ. ಆದುದರಿಂದ ಸ್ವತಂತ್ರನೂ ಪಕ್ಷಗಳ ಬಾಗಿಲು ತಟ್ಟದೆ ಕಣದೊಳಗೆ ಕಾಲಿಡಲಾರ.

ಹಾಗಾದರೆ ಸ್ವತಂತ್ರನಾಗಿ ಗೆದ್ದವರೇ ಇಲ್ಲವೆ? ಒಬ್ಬರಿದ್ದಾರೆ. ಆ ಕಥೆಯ ಮೊದಲ ಅಧ್ಯಾಯ ನಡೆದದ್ದೂ ನಮ್ಮ ಬೆಂಗಳೂರಿನಲ್ಲಿಯೇ.

೧೯೬೯ರ ಮೇ ೩ರಂದು ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿಗಳಾಗಿದ್ದ ವಿ. ವಿ. ಗಿರಿಯವರು ಹಂಗಾಮಿ ರಾಷ್ಟ್ರಪತಿಗಳಾದರು. ಇವರು ೧೯೬೫ರಿಂದ ೧೯೬೭ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ಚಿತ್ರದುರ್ಗದ ಎಸ್. ನಿಜಲಿಂಗಪ್ಪನವರು. ಅಲ್ಲಿ ಪಾರ್ಲಿಮೆಂಟರಿ ಬೋರ್ಡು, ಪ್ರಧಾನಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ, ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಅಭ್ಯರ್ಥಿಯಾಗಿ ಆರಿಸಿತು. ಮರುದಿನ, ಜುಲೈ ೧೩ರಂದು, ಗಿರಿಯವರು ತಾವು ಸ್ವತಂತ್ರರಾಗಿ ನಿಲ್ಲುವುದಾಗಿ ಸಾರಿದರು.

ಗಿರಿಯವರು ಧನಿಕರಾಗಿ ಹೆಸರಾದವರಲ್ಲ. ರೈಲ್ವೆ ಕಾರ್ಮಿಕರ ಸಂಘ ಕಟ್ಟಿ ಮುಷ್ಕರ ನಡೆಸಿದವರು. ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿಗೆ ಎರಡು ಸಲ ಅಧ್ಯಕ್ಷರಾದವರು. ನೆಹರೂ ಅವರ ಮಂತ್ರಿಮಂಡಲದಲ್ಲಿ ಕಾರ್ಮಿಕ ಮಂತ್ರಿಗಳಾಗಿದ್ದಾಗ, ಬ್ಯಾಂಕ್ ನೌಕರರ ಪರವಾಗಿ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು ಸರಕಾರ ತಿದ್ದಿತೆಂದು ೧೯೫೪ರಲ್ಲಿ ಪದವಿಯನ್ನೇ ಬಿಟ್ಟು ಬಂದವರು. ಗುಮಾಸ್ತರ ಸಂಬಳದ ಪ್ರಶ್ನೆಗಾಗಿ ಮಂತ್ರಿಪದವಿ ಬಿಟ್ಟವರು ಎಷ್ಟು ಮಂದಿ ಸಿಕ್ಕಾರು? ನಾವು ಮೇಜಿನ ಮುಂದೆ ಕುಳಿತು ದುಡಿಯುವವರು ಈ ಹೆಸರನ್ನು ಮರೆಯಬಾರದು.

ಆ ಜುಲೈಯಲ್ಲಿ ದಿನಕ್ಕೊಂದು ಘಟನೆ. ಜುಲೈ ೧೬ರಂದು ಪ್ರಧಾನಿಯವರು ಮೊರಾರ್ಜಿ ದೇಸಾಯಿಯವರಿಂದ ಅರ್ಥಖಾತೆಯನ್ನು ತೆಗೆದುಕೊಂಡರು. ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದವು; ನಮ್ಮ ಕರಾವಳಿಯ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಆ ಪಟ್ಟಿಯಲ್ಲಿದ್ದವು. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿಯವರೇ. ಮರುದಿನ ಅವರು ಪದವಿಗೆ ರಾಜೀನಾಮೆ ಕೊಟ್ಟು ಕಣಕ್ಕಿಳಿದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಆ ಒಂದು ತಿಂಗಳು ರಾಷ್ಟ್ರಪತಿಗಳ ಕೆಲಸ ನೋಡಿಕೊಂಡರು. ಸ್ವತಂತ್ರ ಪಕ್ಷ, ಜನಸಂಘಗಳು ಸಿ. ಡಿ. ದೇಶಮುಖರನ್ನು ನಿಲ್ಲಿಸಿದವು. ಮುಂಬಯಿಯ ಪ್ರಶ್ನೆಗಾಗಿ ೧೯೫೬ರಲ್ಲಿ ಅರ್ಥಮಂತ್ರಿ ಪದವಿ ಬಿಟ್ಟ ದೇಶಮುಖರು ಇವರೇ. ನಿಜಲಿಂಗಪ್ಪನವರು ಈ ಎರಡು ಪಕ್ಷಗಳ ಮುಖಂಡರೊಡನೆ ಮಾತಾಡಿ ಎರಡನೆಯ ಪ್ರಾಶಸ್ತ್ಯದ ಮತಗಳನ್ನು ರೆಡ್ಡಿಯವರಿಗೆ ಕೇಳಿದರು. ಇದನ್ನೇ ಹಿಡಿದುಕೊಂಡು ಇಂದಿರಾ ಗಾಂಧಿಯವರ ಕಡೆಯವರು "ಆತ್ಮಸಾಕ್ಷಿಯಂತೆ ಮತ ಹಾಕಿ" ಎಂಬ ಕೂಗೆಬ್ಬಿಸಿದರು.

ಆಗಸ್ಟ್ ೧೬ರಂದು ಮತದಾನ, ೨೦ರಂದು ಎಣಿಕೆ. ಒಟ್ಟು ಮತಮೌಲ್ಯ ೮,೩೬,೩೩೭. ಗೆಲ್ಲಲು ೪,೧೮,೧೬೯ ಬೇಕು. ಮೊದಲ ಎಣಿಕೆಯಲ್ಲಿ ಗಿರಿ ೪,೦೧,೫೧೫, ರೆಡ್ಡಿ ೩,೧೩,೫೪೮, ದೇಶಮುಖ ೧,೧೨,೭೬೯. ಯಾರಿಗೂ ಬಹುಮತವಿಲ್ಲ. ಕೆಳಗಿನವರನ್ನು ಒಬ್ಬೊಬ್ಬರನ್ನಾಗಿ ತೆಗೆದು ಎರಡನೆಯ ಪ್ರಾಶಸ್ತ್ಯ ಎಣಿಸುತ್ತ ಹೋದಾಗ ರೆಡ್ಡಿಯವರ ಲೆಕ್ಕಕ್ಕೆ ತೊಂಬತ್ತು ಸಾವಿರಕ್ಕೂ ಮೇಲೆ ಬಂದು ಸೇರಿತು. ಗಿರಿಯವರಿಗೆ ಹತ್ತೊಂಬತ್ತು ಸಾವಿರವೂ ಸೇರಲಿಲ್ಲ. ಆದರೂ ಕೊನೆಗೆ ಗಿರಿ ೪,೨೦,೦೭೭, ರೆಡ್ಡಿ ೪,೦೫,೪೨೭. ಹದಿನಾಲ್ಕು ಸಾವಿರದ ಆರುನೂರೈವತ್ತರ ಅಂತರದಲ್ಲಿ ಸ್ವತಂತ್ರ ಅಭ್ಯರ್ಥಿ ರಾಷ್ಟ್ರಪತಿಯಾದರು. ಇದುವರೆಗೆ ಎರಡನೆಯ ಪ್ರಾಶಸ್ತ್ಯದ ಎಣಿಕೆಯಿಂದ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ಇದೊಂದೇ.

ಅದರ ಫಲ ನಮ್ಮ ನಾಡಿಗೂ ತಟ್ಟಿತು. ನವೆಂಬರಿನಲ್ಲಿ ನಿಜಲಿಂಗಪ್ಪನವರ ಕಾಂಗ್ರೆಸ್ ಪ್ರಧಾನಿಯವರನ್ನೇ ಪಕ್ಷದಿಂದ ಹೊರಹಾಕಿತು, ಪಕ್ಷ ಇಬ್ಭಾಗವಾಯಿತು. ೧೯೭೧ರ ಚುನಾವಣೆಯಲ್ಲಿ ಮೈಸೂರು ರಾಜ್ಯದ ೨೭ ಲೋಕಸಭಾ ಸ್ಥಾನಗಳನ್ನೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸೇ ಗೆದ್ದುಕೊಂಡಿತು. ಮುಂದೆ ದೇವರಾಜ ಅರಸರು ಬಂದದ್ದು, ಉಳುವವನಿಗೆ ಭೂಮಿ ಎಂಬ ಕಾನೂನು ಬಿಗಿಯಾದದ್ದು, ಎಲ್ಲವೂ ಈ ಒಡಕಿನ ಹಿಂದಿನಿಂದಲೇ ನಡೆದು ಬಂದವು. ನಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರು ಗೇಣಿಯ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡದ್ದು ಆ ಕಾಲದಲ್ಲಿ.

ಈಗ ಕೇಳಬೇಕಾದ ಪ್ರಶ್ನೆ. ಗಿರಿಯವರು ನಿಜವಾಗಿ ಸ್ವತಂತ್ರರೆ? ಕಾಗದದ ಮೇಲೆ ಹೌದು. ಆದರೆ ಅವರ ಬೆನ್ನಿಗೆ ದೇಶದ ಪ್ರಧಾನಿ ಇದ್ದರು, ಕಮ್ಯುನಿಸ್ಟರಿದ್ದರು, ದ್ರಾವಿಡ ಮುನ್ನೇತ್ರ ಕಳಗಂ ಇತ್ತು. ನಮ್ಮ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಅಣ್ಣಂದಿರಿಗೆ ಇದು ಚೆನ್ನಾಗಿ ಗೊತ್ತು: ಮುಕಾದಮನಿಂದ ಮುಂಗಡ ತೆಗೆದುಕೊಂಡವನು ಅವನ ಎದುರು ದನಿ ಎತ್ತುವುದು ಕಷ್ಟ. ಗಿರಿಯವರ ಮೇಲೆಯೂ ಆ ಟೀಕೆ ಬಂತು. ಪ್ರಧಾನಿಯ ನೆರವಿನಿಂದ ಬಂದವರು ಐದು ವರ್ಷವೂ ಪ್ರಧಾನಿಗೆ ಒಮ್ಮೆಯೂ ಎದುರಾಡಲಿಲ್ಲವೆಂದು ಹಲವರು ಬರೆದರು. ಒಂದು ಮಾತನ್ನು ಮಾತ್ರ ಅವರ ಪರವಾಗಿ ಹೇಳಲೇಬೇಕು. ಚುನಾವಣೆಯ ಕಾಲದಲ್ಲಿ ರೆಡ್ಡಿಯವರ ಮೇಲೆ ಹೊಲಸು ಕರಪತ್ರ ಹಂಚಲಾಯಿತೆಂದು ಸುಪ್ರೀಂ ಕೋರ್ಟಿಗೆ ತಕರಾರು ಹೋದಾಗ, ರಾಷ್ಟ್ರಪತಿಯಾಗಿದ್ದುಕೊಂಡೇ ಗಿರಿಯವರು ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. ತಕರಾರು ೧೯೭೦ರಲ್ಲಿ ವಜಾ ಆಯಿತು. ಪ್ರಶ್ನೆಗೆ ಉತ್ತರ ಕೊಡಲು ಮೇಲಿನವನೂ ಕಟ್ಟೆ ಇಳಿದು ಬರಬೇಕೆಂಬ ನಡತೆ ಅದರಲ್ಲಿ ಕಾಣುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಗಿರಿಯವರು ಸ್ವತಂತ್ರರು, ಆದರೆ ಶ್ರೀಮಂತರಲ್ಲ. ಶ್ರೀಮಂತನೂ ಸ್ವತಂತ್ರನೂ ಆದ ರಾಜಕಾರಣಿ ನಮ್ಮ ನಾಡಿನಲ್ಲಿ ರಾಷ್ಟ್ರಪತಿ ಪದವಿಗೆ ನಿಂತಿಲ್ಲವಾದರೂ, ರಾಜ್ಯಸಭೆಗೆ ಹೋದದ್ದುಂಟು. ಮದ್ಯದ ಉದ್ಯಮಿ ವಿಜಯ ಮಲ್ಯ ಅವರು ೨೦೦೨ರಲ್ಲಿಯೂ ೨೦೧೦ರಲ್ಲಿಯೂ ಕರ್ನಾಟಕದಿಂದ ಸ್ವತಂತ್ರರಾಗಿಯೇ ರಾಜ್ಯಸಭೆಗೆ ಆಯ್ಕೆಯಾದರು. ರಾಜ್ಯಸಭೆಗೂ ಮತ ಹಾಕುವವರು ಶಾಸಕರು. ಹಾಕಿದವರು ಪಕ್ಷಗಳ ಶಾಸಕರೇ. ಆಗಲೂ ಜನ ಹೇಳಿದ್ದು ಇದೇ ಮಾತು: ಇವರಿಗೆ ಏನು ಕಡಮೆ, ಇವರೇಕೆ ತಿನ್ನುತ್ತಾರೆ ಎಂದು. ಮುಂದೇನಾಯಿತೆಂಬುದು ಪತ್ರಿಕೆ ಓದುವ ನಿಮಗೆ ಹೊಸದಲ್ಲ. ಅವರ ಕಿಂಗ್‌ಫಿಷರ್ ವಿಮಾನ ಕಂಪೆನಿ ೨೦೧೨ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ನಿಂತಿತು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದ ಹದಿನೇಳು ಬ್ಯಾಂಕುಗಳು ಸಾವಿರಾರು ಕೋಟಿ ರೂಪಾಯಿ ಸಾಲ ಕೇಳಿಕೊಂಡು ನ್ಯಾಯಾಲಯಕ್ಕೆ ಹೋದವು. ೨೦೧೬ರ ಮಾರ್ಚ್ ೨ರಂದು, ರಾಜ್ಯಸಭೆಯ ಸದಸ್ಯರಾಗಿರುವಾಗಲೇ, ಅವರು ದೇಶ ಬಿಟ್ಟು ಹೋದರು. ಮೇ ತಿಂಗಳಲ್ಲಿ ಸದಸ್ಯತ್ವಕ್ಕೆ ರಾಜೀನಾಮೆ ಕಳುಹಿಸಿದರು. ೨೦೧೯ರ ಜನವರಿಯಲ್ಲಿ ಮುಂಬಯಿಯ ವಿಶೇಷ ನ್ಯಾಯಾಲಯ ಅವರನ್ನು ತಲೆಮರೆಸಿಕೊಂಡ ಆರ್ಥಿಕ ಅಪರಾಧಿಯೆಂದು ಸಾರಿತು.

ಒಬ್ಬರನ್ನು ತೋರಿಸಿ ಶ್ರೀಮಂತರೆಲ್ಲ ಹೀಗೆಂದು ಹೇಳುವುದು ನ್ಯಾಯವಲ್ಲ. ಧನಿಕರೆಲ್ಲ ಕೆಟ್ಟವರಲ್ಲ, ಬಡವರೆಲ್ಲ ಸಾಧುಗಳೂ ಅಲ್ಲ. ನಾವು ಹೇಳುವುದು ಇಷ್ಟೆ: "ತನ್ನದೇ ಬೇಕಾದಷ್ಟಿದೆ" ಎಂಬುದು ಜಾಮೀನಾಗಲಾರದು. ಪಕ್ಷವಿದ್ದರೆ, ಎಷ್ಟೇ ಕೆಟ್ಟದ್ದಾಗಿರಲಿ, ಅದು ಮತ್ತೆ ಐದು ವರ್ಷಕ್ಕೆ ನಮ್ಮ ಚಾಳಿನ ಬಾಗಿಲಿಗೆ ಬರಲೇಬೇಕು. "ನಿಮ್ಮವನು ಹೀಗೆ ಮಾಡಿದನಲ್ಲ" ಎಂದು ಕೇಳಲು ಒಂದು ಹೊಸ್ತಿಲಿರುತ್ತದೆ. ಸ್ವಂತ ಹಣದಿಂದ ಸ್ವಂತಕ್ಕಾಗಿ ಬಂದವನನ್ನು ಯಾವ ಹೊಸ್ತಿಲಿನಲ್ಲಿ ಹಿಡಿದು ಕೇಳುವುದು? ಅವನಿಗೆ ಹಂಗಿಲ್ಲವೆಂದು ನಾವು ಹಿಗ್ಗುತ್ತೇವೆ. ಆದರೆ ಅವನಿಗೆ ಇಲ್ಲವಾದ ಹಂಗಿನಲ್ಲಿ ನಮ್ಮ ಹಂಗೂ ಒಂದು.

"ರಾಷ್ಟ್ರಪತಿಯದು ಬರಿಯ ಸಹಿ ಹಾಕುವ ಕೆಲಸ, ಯಾರಾದರೇನು?" ಎಂದು ಕೇಳುವವರಿದ್ದಾರೆ. ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆಂಬುದು ನಿಜ. ಆದರೆ ೧೯೬೯ರ ಜುಲೈ ೧೯ರ ಸಹಿಯಿಂದ ಬ್ಯಾಂಕುಗಳು ದೇಶದ ಸ್ವತ್ತಾದವು. ೧೯೭೫ರ ಜೂನ್ ೨೫ರ ರಾತ್ರಿ ಫಕ್ರುದ್ದೀನ್ ಅಲಿ ಅಹಮದರು ಹಾಕಿದ ಸಹಿಯಿಂದ ತುರ್ತುಪರಿಸ್ಥಿತಿ ಬಂತು. ಯಾವ ಪಕ್ಷಕ್ಕೂ ಬಹುಮತ ಬಾರದಾಗ ಯಾರನ್ನು ಮೊದಲು ಸರಕಾರ ರಚಿಸಲು ಕರೆಯಬೇಕೆಂಬುದೂ ಆ ಪೀಠದ ತೀರ್ಮಾನ. ಸಹಿಯ ಬೆಲೆ ಕಾರಖಾನೆಯ ಹಾಜರಿ ಪುಸ್ತಕ ಬರೆಯುವವರಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನು ಹಣವಂತನೊಬ್ಬ ಶಾಸಕರನ್ನು ಕೊಂಡುಬಿಟ್ಟರೆ? ಲಂಚದಿಂದ ಗೆದ್ದ ಆಯ್ಕೆಯನ್ನು ರದ್ದುಮಾಡುವ ಅಧಿಕಾರ ೧೯೫೨ರ ಕಾನೂನಿನಂತೆ ಸುಪ್ರೀಂ ಕೋರ್ಟಿಗಿದೆ. ಲೆಕ್ಕವೂ ಅವನಿಗೆ ಅಡ್ಡ ಬರುತ್ತದೆ. ೨೦೨೨ರ ಚುನಾವಣೆಯಲ್ಲಿ ಮತದಾರ ಸದಸ್ಯರು ೪,೮೦೯. ಒಟ್ಟು ಮತಮೌಲ್ಯ ೧೦,೮೬,೪೩೧. ಮಹಾರಾಷ್ಟ್ರದ ಒಬ್ಬ ಶಾಸಕರ ಮತಕ್ಕೆ ೧೭೫, ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ ೧೩೧ ಬೆಲೆ. ಇಲ್ಲಿಯ ೨೮೮ ಸ್ಥಾನ, ಅಲ್ಲಿಯ ೨೨೪ ಸ್ಥಾನ ಎರಡನ್ನೂ ಪೂರ್ಣ ಕೂಡಿಸಿದರೂ ೭೯,೭೪೪; ಒಟ್ಟಿನ ನೂರಕ್ಕೆ ಎಂಟೂ ಆಗುವುದಿಲ್ಲ. ಎರಡು ದೊಡ್ಡ ರಾಜ್ಯಗಳನ್ನು ಜೇಬಿಗೆ ಹಾಕಿಕೊಂಡರೂ ಗಾದಿ ದೂರವೇ ಉಳಿಯುತ್ತದೆ.

ಈ ಬೆಲೆಗಳಲ್ಲಿ ನಮ್ಮಂಥ ವಲಸೆಗಾರರಿಗೆ ಸಂಬಂಧಿಸಿದ ಒಂದು ಸಂಗತಿ ಅಡಗಿದೆ. ರಾಜ್ಯದ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ ಒಂದು ಮತದ ಬೆಲೆ ಬರುತ್ತದೆ. ಆದರೆ ಯಾವ ಜನಸಂಖ್ಯೆ? ೧೯೭೧ರದು. ಆಗ ಮಹಾರಾಷ್ಟ್ರದಲ್ಲಿ ಸುಮಾರು ಐದು ಕೋಟಿ ನಾಲ್ಕು ಲಕ್ಷ ಜನ, ನಮ್ಮ ರಾಜ್ಯದಲ್ಲಿ ಎರಡು ಕೋಟಿ ತೊಂಬತ್ತಮೂರು ಲಕ್ಷ. ೨೦೨೬ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ಆ ಹಳೆಯ ಲೆಕ್ಕವೇ ನಡೆಯಬೇಕೆಂದು ಸಂವಿಧಾನದಲ್ಲಿದೆ. ೧೯೭೧ರಲ್ಲಿ ಸಿಡ್ಕೊ ಹುಟ್ಟಿ ಒಂದು ವರ್ಷ ಆಗಿತ್ತಷ್ಟೆ; ಸಾನಪಾಡಾ ಖಾಡಿಯ ಬದಿಯ ಒಂದು ಹಳ್ಳಿ. ಆ ಮೇಲೆ ಬಿಜಾಪುರ, ಕಲಬುರಗಿ, ಉಡುಪಿ, ಮಂಗಳೂರಿನಿಂದ ಇಲ್ಲಿಗೆ ಬಂದ ನಮ್ಮ ತಲೆಗಳು ಈ ಊರಿನ ಲೆಕ್ಕದಲ್ಲಿ ಸೇರಿಲ್ಲ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಯಾವ ಊರಿನ ಲೆಕ್ಕದಲ್ಲಿಯೂ ಇಲ್ಲ.

ತಲೆಯ ಲೆಕ್ಕ ನಮ್ಮ ಕೈಯಲ್ಲಿಲ್ಲ. ಆದರೆ ಕೈಬೆರಳಿನ ಮಸಿ ನಮ್ಮ ಕೈಯಲ್ಲಿದೆ. ರಾಷ್ಟ್ರಪತಿಯನ್ನು ಆರಿಸುವ ಶಾಸಕನನ್ನೂ ಸಂಸತ್ ಸದಸ್ಯನನ್ನೂ ಆರಿಸುವವರು ನಾವೇ. ನಮ್ಮ ಪಾಲಿನ ಸ್ಥಿತಿ ಹೇಗಿದೆ? ನಮ್ಮವರಲ್ಲಿ ಬಹಳ ಮಂದಿಯ ಹೆಸರು ಊರಿನ ಪಟ್ಟಿಯಲ್ಲಿದೆ. ಚುನಾವಣೆಯ ದಿನ ರಜೆ ಸಿಗದೆ, ಸಿಕ್ಕರೂ ರೈಲಿನ ಚಾರ್ಜಿಲ್ಲದೆ ಹೋಗುವುದಿಲ್ಲ. ಇನ್ನು ಕೆಲವರ ಹೆಸರು, ಬಾಡಿಗೆಯ ಖೋಲಿ ಬದಲಿಸುತ್ತ ಬದಲಿಸುತ್ತ, ಎಲ್ಲಿಯೂ ಇಲ್ಲ. ಹೀಗೆ ಊರಿಗೂ ಸಲ್ಲದೆ ಇಲ್ಲಿಗೂ ಸಲ್ಲದೆ ಉಳಿದವರು, ಯಾವನೋ ಧನಿಕ ಬಂದು ದೇಶ ಉದ್ಧರಿಸಲೆಂದು ಕಾಯುವುದು, ಬಾವಿಗೆ ಹಗ್ಗ ಬಿಡದೆ ಮಳೆಗೆ ಕೊಡ ಹಿಡಿದು ನಿಂತಂತೆ.

ಆದುದರಿಂದ ಮೂರು ಮಾತು. ಒಂದು, ನಿಮ್ಮ ಹೆಸರು ಪಟ್ಟಿಯಲ್ಲಿದೆಯೆ, ಎಲ್ಲಿದೆ ಎಂದು ನೋಡಿಕೊಳ್ಳಿ. ಹೊಸದಾಗಿ ಸೇರಿಸಲು ನಮೂನೆ ೬, ಒಂದು ಊರಿನಿಂದ ಇನ್ನೊಂದೂರಿಗೆ ಬದಲಿಸಿಕೊಳ್ಳಲು ನಮೂನೆ ೮. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಒಂದು ಕಡೆ ಸಾಕು, ಆದರೆ ನೀವು ಹೋಗಿ ಮತ ಹಾಕಬಲ್ಲ ಕಡೆ ಇರಲಿ. ಅರ್ಜಿ ತುಂಬಲು ತಿಳಿಯದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬನ್ನಿ. ನಾವು ಸ್ವಯಂಸೇವಕರು ಕುಳಿತು ಬರೆದುಕೊಡುತ್ತೇವೆ. ಇದಕ್ಕೆ ಕಾಸು ಬೇಡ. ಎರಡು, ಮತ ಕೇಳಿಕೊಂಡು ಬಂದವನನ್ನು "ನಿನ್ನ ಬಳಿ ಎಷ್ಟಿದೆ?" ಎಂದು ಕೇಳಬೇಡಿ, "ನೀನು ಯಾರಿಗೆ ಉತ್ತರ ಕೊಡಬೇಕಾದವನು?" ಎಂದು ಕೇಳಿ. ಗಿರಿಯವರು ನ್ಯಾಯಾಲಯಕ್ಕೆ ಬಂದು ನಿಂತದ್ದನ್ನೂ, ಇನ್ನೊಬ್ಬರು ನ್ಯಾಯಾಲಯ ಕಾಯುತ್ತಿರುವಾಗ ದೇಶ ದಾಟಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಿ. ಮೂರು, ನೀವು ದುಡಿಯುವ ಕಡೆ ಸಂಘವಿದ್ದರೆ ಸೇರಿ. ಗಿರಿಯವರನ್ನು ಮೊದಲು ಎತ್ತಿ ಹಿಡಿದದ್ದು ರೈಲ್ವೆಯ ಕೂಲಿಗಳು ಕೊಟ್ಟ ಸಂಘದ ಚಂದಾ. ಆ ಚಿಲ್ಲರೆ ಕಾಸಿನ ಮೇಲೆ ನಿಂತವರು ಮುಂದೆ ರಾಷ್ಟ್ರಪತಿ ಭವನದವರೆಗೂ ಹೋದರು.

ನಮ್ಮ ಪ್ರಶ್ನೆಗೆ ಉತ್ತರ ಇದು. ಶ್ರೀಮಂತನೊಬ್ಬ ಸ್ವತಂತ್ರನಾಗಿ ನಿಲ್ಲಬಹುದು, ಕಾನೂನು ತಡೆಯುವುದಿಲ್ಲ. ಗೆಲ್ಲಬೇಕಾದರೆ ಪಕ್ಷಗಳ ಋಣ ಹೊರಬೇಕು. ಆಗ ಸ್ವತಂತ್ರನೆಂಬ ಹೆಸರಷ್ಟೆ ಉಳಿಯುತ್ತದೆ. ಆ ಋಣವನ್ನು ಯಾರಿಗೆ ಹೇಗೆ ತೀರಿಸುತ್ತಾನೆಂದು ನೋಡುತ್ತ ಇರಬೇಕಾದವರು, ಅವನಿಗೆ ಮತ ಹಾಕುವವರನ್ನು ಆರಿಸಿದ ನಾವು.

 ಅರ್ಜಿಯ ನಮೂನೆಗಳು ಅಲ್ಲಿ ಪತ್ರಿಕೆಗಳ ಪಕ್ಕದಲ್ಲಿಯೇ ಇವೆ. ಮನೆಗೆ ಹೋಗುವಾಗ ಒಂದೊಂದು ಪ್ರತಿ ತೆಗೆದುಕೊಂಡು ಹೋಗಿರಿ.